ರಿಸ್ಕ್ ಶೀಟ್ ತುಂಬುವ ಮೊದಲು: ಒಂದು ಟ್ಯಾಂಕ್ ಹಿಡಿದು ಹಂತ ಹಂತವಾಗಿ

“ಪ್ಲಾಂಟಿಗೆ ರಿಸ್ಕ್ ಅಸೆಸ್‌ಮೆಂಟ್ ಮಾಡಬೇಕು, ಒಳ್ಳೆ ಫಾರ್ಮ್ಯಾಟ್ ಇದ್ದರೆ ಕಳಿಸಿ.” ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧ ಇದೇ. ಉಳಿದರ್ಧ, “ಹ್ಯಾಜಾಪ್ ಮಾಡಿ ಮುಗಿಸಿದ್ದೇವೆ, ಮುಂದೇನು?” (ಹ್ಯಾಜಾಪ್ ಅಂದರೆ ಪ್ಲಾಂಟಿನ ಒಂದೊಂದು ಭಾಗದಲ್ಲೂ ಏನೇನು ತಪ್ಪಬಹುದು ಅಂತ ತಂಡವಾಗಿ ಕೂತು ಹುಡುಕುವ ಪದ್ಧತಿ.) ಎರಡಕ್ಕೂ ಒಂದೇ ಸಲ ಉತ್ತರ ಬರೆದುಬಿಡೋಣ ಅಂತ ಕೂತಿದ್ದೇನೆ.

ಫಾರ್ಮ್ಯಾಟ್ ಎಲ್ಲಿ ಬೇಕಾದರೂ ಸಿಗುತ್ತದೆ. ಶೀಟಿನಲ್ಲಿ ಬರೆದ ರಕ್ಷಣೆ ಇವತ್ತು ರಾತ್ರಿ ಎರಡು ಗಂಟೆಗೆ ಕೆಲಸ ಮಾಡುತ್ತದಾ ಅಂತ ತಿಳಿಯುವುದು ಕಷ್ಟ. ಕೆಳಗಿನ ಹಂತಗಳೆಲ್ಲ ಆ ಒಂದು ಪ್ರಶ್ನೆಗಾಗಿಯೇ ಇವೆ.

ಮೊದಲು ಎರಡು ಪದ. ಹ್ಯಾಜರ್ಡ್ ಅಂದರೆ ಕೆಡುಕು ಮಾಡುವ ಶಕ್ತಿ ಇರುವ ವಸ್ತು ಅಥವಾ ಸ್ಥಿತಿ: ಹೊತ್ತಿಕೊಳ್ಳುವ ದ್ರವ, ಒತ್ತಡದಲ್ಲಿರುವ ಹಬೆ, ವಿಷಾನಿಲ, ಎತ್ತರದಲ್ಲಿ ತೂಗುವ ಭಾರ. ರಿಸ್ಕ್ ಅಂದರೆ ಆ ಕೆಡುಕು ಎಷ್ಟು ಸಲ ಆದೀತು, ಆದರೆ ಎಷ್ಟು ದೊಡ್ಡದಾದೀತು, ಇವೆರಡೂ ಸೇರಿದ ಲೆಕ್ಕ. ಹ್ಯಾಜರ್ಡ್ ಟ್ಯಾಂಕಿನೊಳಗೆ ಇರುತ್ತದೆ. ರಿಸ್ಕ್ ಎಷ್ಟು ಅನ್ನುವುದು ನೀವು ಆ ಟ್ಯಾಂಕನ್ನು ಹೇಗೆ ನೋಡಿಕೊಳ್ಳುತ್ತೀರಿ ಅನ್ನುವುದರ ಮೇಲೆ ನಿಂತಿದೆ.

ಸುಮ್ನೆ ತತ್ವ ಹೇಳುತ್ತಾ ಹೋದರೆ ಪ್ರಯೋಜನ ಇಲ್ಲ, ಒಂದು ಉದಾಹರಣೆ ಹಿಡಿಯೋಣ. ಬೇಗ ಬೆಂಕಿ ಹಿಡಿಯುವ ಸಾಲ್ವೆಂಟ್ ತುಂಬಿಡುವ ದೊಡ್ಡ ಟ್ಯಾಂಕ್. ಒಂದು ಪಂಪ್ ಅದನ್ನು ತುಂಬಿಸುತ್ತದೆ. ಟ್ಯಾಂಕಿಗೊಂದು ಲೆವೆಲ್ ಮೀಟರ್ ಇದೆ. ಅದು ಕಂಟ್ರೋಲ್ ರೂಮಿನ ಪರದೆಯಲ್ಲಿ ಮಟ್ಟ ತೋರಿಸುತ್ತದೆ, ಶೇ. 85ಕ್ಕೆ ವಾಲ್ವ್ ಮುಚ್ಚಿಸುತ್ತದೆ, ಶೇ. 90ಕ್ಕೆ ಅಲಾರಂ ಹೊಡೆಸುತ್ತದೆ. ಶೇ. 95ರಲ್ಲಿ ಬೇರೆಯದೇ ಒಂದು ಸ್ವಿಚ್ ಇದೆ, ಅದು ಪಂಪನ್ನು ನಿಲ್ಲಿಸುತ್ತದೆ. ಹೀಗೆ ತಾನಾಗಿಯೇ ನಿಲ್ಲಿಸುವ ವ್ಯವಸ್ಥೆಗೆ ಟ್ರಿಪ್ ಅಂತ ಹೆಸರು. ಟ್ಯಾಂಕಿನ ಸುತ್ತ ಡೈಕ್ ಇದೆ, ಅಂದರೆ ಚೆಲ್ಲಿದ್ದನ್ನು ಹಿಡಿದಿಡುವ ಗಿಡ್ಡ ಗೋಡೆ.

ಏನೇನು ಬೇಕು?

ಈಗಿನ ಸ್ಥಿತಿ ತೋರಿಸುವ ಪಿ ಅಂಡ್ ಐಡಿ, ಅಂದರೆ ಪೈಪು, ವಾಲ್ವು, ಮೀಟರುಗಳೆಲ್ಲ ಇರುವ ನಕ್ಷೆ. ರಾಸಾಯನಿಕಗಳ ಸುರಕ್ಷತಾ ಹಾಳೆ. ನಡೆಸುವ ಕ್ರಮದ ಪುಸ್ತಕ. ಹಳೆಯ ಅವಘಡಗಳ ದಾಖಲೆ, ಅದರ ಜೊತೆ ಸ್ವಲ್ಪದರಲ್ಲಿ ತಪ್ಪಿದ ಘಟನೆಗಳದ್ದೂ. ಟ್ರಿಪ್‌ಗಳ ಪರೀಕ್ಷೆಯ ದಾಖಲೆ.

ಇವಕ್ಕಿಂತ ಮುಖ್ಯ, ಜನ. ಆ ಘಟಕವನ್ನು ರಾತ್ರಿ ಪಾಳಿಯಲ್ಲಿ ನಡೆಸುವ ಒಬ್ಬ ಆಪರೇಟರ್, ಮೆಂಟೇನೆನ್ಸ್‌ನವರು, ಇನ್‌ಸ್ಟ್ರುಮೆಂಟ್‌ನವರು, ಪ್ರೋಸೆಸ್ ಎಂಜಿನಿಯರ್. ಸಭೆ ನಡೆಸುವವರು ಆ ಘಟಕದ ಮ್ಯಾನೇಜರ್ ಆಗಿರಬಾರದು. ಬಾಸ್ ಮುಂದೆ ಕೂತು “ಆ ಅಲಾರಂ ಆರು ತಿಂಗಳಿಂದ ಕೆಟ್ಟಿದೆ” ಅಂತ ಯಾರು ಹೇಳುತ್ತಾರೆ?

ಹಂತ 1: ನಕ್ಷೆ ಹಿಡಿದುಕೊಂಡು ನಡೆದು ನೋಡಿ

ಸಭೆಗೆ ಮೊದಲು ಇದು ಆಗಲೇಬೇಕು. ನಕ್ಷೆಯ ಒಂದೊಂದು ಗೆರೆಯನ್ನೂ ಬೆರಳಲ್ಲಿ ಹಿಡಿದು ಪೈಪಿನ ಜೊತೆ ನಡೆಯಿರಿ. ನಕ್ಷೆಯಲ್ಲಿ ಇಲ್ಲದ ಹೋಸ್ ಪೈಪು, ಹ್ಯಾಂಡಲ್ ತೆಗೆದ ವಾಲ್ವು, ತಂತಿ ಸುತ್ತಿ ಎತ್ತಿ ಕಟ್ಟಿದ ಸ್ವಿಚ್ಚು ಸಿಕ್ಕರೆ ಫೋಟೋ ತೆಗೆದು ನಕ್ಷೆಯ ಮೇಲೆ ಕೆಂಪು ಪೆನ್ನಲ್ಲಿ ಗುರುತು ಹಾಕಿ. ನಾನು ನೋಡಿದ ಒಂದು ಘಟಕದಲ್ಲಿ ನಕ್ಷೆಯ ಪ್ರಕಾರ ಎರಡು ರಿಲೀಫ್ ವಾಲ್ವ್ ಇದ್ದವು. ರಿಲೀಫ್ ವಾಲ್ವ್ ಅಂದರೆ ಒತ್ತಡ ಮಿತಿ ಮೀರಿದಾಗ ತಾನಾಗಿ ತೆರೆಯುವ ವಾಲ್ವ್. ಹೋಗಿ ನೋಡಿದರೆ ಒಂದೇ ಇತ್ತು. ಇನ್ನೊಂದು ರಿಪೇರಿಗೆ ಹೋಗಿ ಅಂಗಡಿಯಲ್ಲೇ ಉಳಿದಿತ್ತು.

ನಕ್ಷೆ ಸರಿಯಿಲ್ಲ ಅಂತ ಗೊತ್ತಾದರೆ ಅಲ್ಲಿಗೇ ನಿಲ್ಲಿಸಿ, ಮೊದಲು ಅದನ್ನು ಸರಿಪಡಿಸಿ. ತಪ್ಪು ನಕ್ಷೆಯ ಮೇಲೆ ಹದಿನೈದು ದಿನ ಚರ್ಚೆ ಮಾಡಿದರೆ ಬರುವುದು ತಪ್ಪು ಉತ್ತರವೇ.

ಹಂತ 2: ತಡೆಯುವ ಯೋಚನೆಗೆ ಮೊದಲು, ಇದು ಬೇಕಾ ಅಂತ ಕೇಳಿ

ಹ್ಯಾಜರ್ಡ್‌ಗಳ ಪಟ್ಟಿ ಮಾಡಿ. ಯಾವ ವಸ್ತು, ಎಷ್ಟಿದೆ, ಯಾವ ಒತ್ತಡ, ಯಾವ ತಾಪಮಾನ. ಆಮೇಲೆ ಒಂದೊಂದರ ಮುಂದೆಯೂ ಮೂರು ಪ್ರಶ್ನೆ ಬರೆಯಿರಿ. ಇದು ಇಷ್ಟು ಬೇಕಾ? ಇದರ ಬದಲು ಕಡಿಮೆ ಅಪಾಯದ್ದು ಬಳಸಬಹುದಾ? ಇಷ್ಟು ಬಿಸಿಯಾಗಿ, ಇಷ್ಟು ಒತ್ತಡದಲ್ಲಿ ಇಡಲೇಬೇಕಾ?

ಬ್ರಿಟನ್ನಿನ ರಾಸಾಯನಿಕ ಎಂಜಿನಿಯರ್ ಟ್ರೆವರ್ ಕ್ಲೆಟ್ಸ್ 1970ರ ದಶಕದಿಂದ ಒತ್ತಿ ಹೇಳುತ್ತಾ ಬಂದದ್ದು ಇದನ್ನೇ: ಅಲ್ಲಿ ಇಲ್ಲದ ವಸ್ತು ಸೋರುವುದಿಲ್ಲ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲ್‌ನಲ್ಲಿ ಟ್ಯಾಂಕಿನಿಂದ ಹೊರಬಂದ ಮೀಥೈಲ್ ಐಸೋಸಯನೇಟ್ ಮಾರುವ ಸರಕಾಗಿರಲಿಲ್ಲ. ಕೀಟನಾಶಕ ಮಾಡುವ ದಾರಿಯಲ್ಲಿ ಬರುವ ಮಧ್ಯದ ವಸ್ತು ಅದು. ಸೋರಿದ್ದು ಸುಮಾರು 40 ಟನ್. ಅಷ್ಟನ್ನು ಸಂಗ್ರಹಿಸಿಡದೆ, ಬೇಕಾದಷ್ಟೇ ತಯಾರಿಸಿ ಆಗಲೇ ಬಳಸುವ ದಾರಿಯೂ ಇತ್ತು.

ನಮ್ಮ ಉದಾಹರಣೆಯಲ್ಲಿ ಕೇಳಬೇಕಾದದ್ದು: ಇಷ್ಟು ದೊಡ್ಡ ಟ್ಯಾಂಕ್ ಯಾಕೆ? “ಮೊದಲಿಂದ ಹಾಗೇ ಇದೆ” ಅನ್ನುವ ಉತ್ತರ ಬಂದರೆ ಅದು ಉತ್ತರವೇ ಅಲ್ಲ ಅಂತ ಶೀಟಿನಲ್ಲಿ ಬರೆಯಿರಿ.

ಹಂತ 3: ಹ್ಯಾಜಾಪ್ ಮಾಡಿ

ಹೆಸರು ಕೇಳಿ ಹೆದರಬೇಡಿ. 1960ರ ದಶಕದಲ್ಲಿ ಬ್ರಿಟನ್ನಿನ ಐಸಿಐ ಕಂಪನಿಯಲ್ಲಿ ಬೆಳೆದ ಪದ್ಧತಿ ಇದು. ಪ್ಲಾಂಟನ್ನು ಸಣ್ಣ ಸಣ್ಣ ತುಂಡು ಮಾಡಿಕೊಳ್ಳುತ್ತೀರಿ. ಪ್ರತಿ ತುಂಡಿನಲ್ಲಿ ಹರಿವು, ಮಟ್ಟ, ಒತ್ತಡ, ತಾಪಮಾನಗಳನ್ನು ತೆಗೆದುಕೊಂಡು ಒಂದೊಂದಕ್ಕೂ ಕೆಲವು ಮಾತು ಹಚ್ಚುತ್ತೀರಿ: ಇಲ್ಲ, ಜಾಸ್ತಿ, ಕಡಿಮೆ, ಉಲ್ಟಾ, ಜೊತೆಗೆ ಇನ್ನೇನೋ, ಅದರ ಬದಲು ಬೇರೇನೋ. “ಹರಿವು ಉಲ್ಟಾ” ಅಂದಾಗ ಎಲ್ಲರೂ ನಗುತ್ತಾರೆ. ಎರಡು ನಿಮಿಷ ಕಳೆದ ಮೇಲೆ ಮೆಂಟೇನೆನ್ಸ್‌ನವರು, “ಒಂದು ಸಲ ಆಗಿತ್ತು ಸಾರ್” ಅನ್ನುತ್ತಾರೆ.

ನಮ್ಮ ಟ್ಯಾಂಕಿಗೆ “ಮಟ್ಟ ಜಾಸ್ತಿ” ಹಚ್ಚೋಣ. ಕಾರಣ: ಲೆವೆಲ್ ಮೀಟರ್ ಸಿಕ್ಕಿಕೊಂಡಿದೆ, ಮುಳ್ಳು ಶೇ. 60ರಲ್ಲೇ ನಿಂತಿದೆ, ಪಂಪ್ ಮಾತ್ರ ಓಡುತ್ತಲೇ ಇದೆ. ಪರಿಣಾಮ: ಟ್ಯಾಂಕ್ ತುಂಬಿ ತುಳುಕಿ ಸಾಲ್ವೆಂಟ್ ಗೋಡೆಗುಂಟ ಸುರಿಯುತ್ತದೆ, ಆವಿಯ ಮೋಡ ನೆಲದ ಮೇಲೆ ಹರಡುತ್ತದೆ, ಎಲ್ಲೋ ಒಂದು ಕಿಡಿ ಸಿಕ್ಕರೆ ಸ್ಫೋಟ. ಈಗಿರುವ ರಕ್ಷಣೆ: ಆಟೋಮ್ಯಾಟಿಕ್ ವಾಲ್ವ್, ಹೈ ಲೆವೆಲ್ ಅಲಾರಂ, ಆಪರೇಟರ್, ಟ್ರಿಪ್ ಸ್ವಿಚ್, ಡೈಕ್. ಐದು! ಎಲ್ಲರಿಗೂ ಸಮಾಧಾನ. ಮುಂದಿನ ಸಾಲಿಗೆ ಹೋಗೋಣ ಅನ್ನುತ್ತಾರೆ.

ಹೋಗಬೇಡಿ. ಈ ಐದನ್ನು ಹಂತ 4ರಲ್ಲಿ ಬಿಚ್ಚಿ ನೋಡೋಣ.

ಅದಕ್ಕೆ ಮೊದಲು ಹ್ಯಾಜಾಪ್‌ನಲ್ಲಿ ಪದೇ ಪದೇ ಆಗುವ ತಪ್ಪುಗಳು. ಪರಿಣಾಮ ಬರೆಯುವಾಗ ರಕ್ಷಣೆ ಇದೆ ಅಂದುಕೊಂಡೇ ಬರೆಯುತ್ತಾರೆ: “ಟ್ರಿಪ್ ಆಗುತ್ತದೆ, ಹಾಗಾಗಿ ಏನೂ ಆಗುವುದಿಲ್ಲ.” ರಕ್ಷಣೆ ಒಂದೂ ಇಲ್ಲ ಅಂದುಕೊಂಡು ಪರಿಣಾಮ ಬರೆಯಬೇಕು. ಇಲ್ಲದಿದ್ದರೆ ಆ ಟ್ರಿಪ್ ಎಷ್ಟು ಮುಖ್ಯ ಅಂತ ಯಾರಿಗೂ ಗೊತ್ತೇ ಆಗುವುದಿಲ್ಲ. ಇನ್ನೊಂದು, ಪ್ಲಾಂಟ್ ಸರಾಗವಾಗಿ ಓಡುವ ಹೊತ್ತನ್ನು ಮಾತ್ರ ನೋಡುವುದು. ಸ್ಟಾರ್ಟ್‌ಅಪ್, ಶಟ್‌ಡೌನ್, ತೊಳೆಯುವ ಕೆಲಸ, ಅರ್ಧಕ್ಕೆ ನಿಂತು ಮತ್ತೆ ಶುರುವಾಗುವ ಹೊತ್ತು, ಇವನ್ನು ಬೇರೆಯಾಗಿಯೇ ಕೂತು ನೋಡಿ. ದಿನಕ್ಕೆ ನಾಲ್ಕೈದು ಗಂಟೆಗಿಂತ ಜಾಸ್ತಿ ಕೂರಬೇಡಿ. ಸಂಜೆಯ ಹೊತ್ತಿಗೆ ಎಲ್ಲ ಸಾಲಿನಲ್ಲೂ “ಈಗಿರುವ ರಕ್ಷಣೆ ಸಾಕು” ಅಂತ ಬರತೊಡಗಿದರೆ ತಂಡಕ್ಕೆ ಸುಸ್ತಾಗಿದೆ ಅಂತ ಅರ್ಥ.

ಹಂತ 4: ಒಂದೊಂದು ರಕ್ಷಣೆಗೂ ಮೂರು ಪ್ರಶ್ನೆ

ಇಡೀ ಕೆಲಸದಲ್ಲಿ ಸಮಯ ಜಾಸ್ತಿ ಕೊಡಬೇಕಾದದ್ದು ಇಲ್ಲೇ. ಕೇಳಬೇಕಾದ್ದು ಇಷ್ಟು: ಇದು ಬೇರೆಯವುಗಳ ಹಂಗಿಲ್ಲದೆ ನಿಲ್ಲುತ್ತದಾ? ಈ ಅವಘಡವನ್ನು ತಡೆಯಲು ಇದೊಂದೇ ಸಾಕಾ? ಕೆಲಸ ಮಾಡುತ್ತದೆ ಅನ್ನುವುದಕ್ಕೆ ಸಾಕ್ಷಿ ಏನು?

ಲೆವೆಲ್ ಮೀಟರ್ ಸಿಕ್ಕಿಕೊಂಡಿದೆ ಅಂತ ತಾನೇ ನಾವು ಶುರು ಮಾಡಿದ್ದು? ವಾಲ್ವ್ ಮುಚ್ಚಿಸಬೇಕಾದದ್ದು ಅದೇ ಮೀಟರ್. ಅದು ಶೇ. 60 ಅನ್ನುತ್ತಿದೆ, ವಾಲ್ವ್ ಮುಚ್ಚುವುದಿಲ್ಲ. ಅಲಾರಂ ಕೊಡಬೇಕಾದದ್ದೂ ಅದೇ. ಅಲಾರಂ ಹೊಡೆಯುವುದಿಲ್ಲ. ಆಪರೇಟರ್ ನೋಡುವುದೂ ಅದೇ ಪರದೆ, ಅದೇ ಅಂಕಿ. ಒಂದು ಮೀಟರ್ ಕೆಟ್ಟರೆ ಮೂರು ರಕ್ಷಣೆ ಒಟ್ಟಿಗೇ ಹೋದವು. ಡೈಕ್ ದ್ರವವನ್ನು ಹಿಡಿಯುತ್ತದೆ, ಸರಿ. ಆವಿಯನ್ನು ಹಿಡಿಯುವುದಿಲ್ಲ. ನಮಗೆ ಭಯ ಇರುವುದು ಆವಿಯ ಸ್ಫೋಟದ್ದು. ಅದೂ ಲೆಕ್ಕಕ್ಕಿಲ್ಲ. ಐದರಲ್ಲಿ ಉಳಿದದ್ದು ಒಂದೇ, ಶೇ. 95ರ ಸ್ವಿಚ್.

ಆ ಸ್ವಿಚ್ಚಾದರೂ ಕೆಲಸ ಮಾಡುತ್ತದಾ? 2005ರ ಡಿಸೆಂಬರ್ 11ರ ಬೆಳಗಿನ ಜಾವ ಇಂಗ್ಲೆಂಡಿನ ಬನ್ಸ್‌ಫೀಲ್ಡ್ ಇಂಧನ ಡಿಪೋದಲ್ಲಿ ಹೆಚ್ಚುಕಡಿಮೆ ಇದೇ ಆಯಿತು. ಪೆಟ್ರೋಲ್ ಟ್ಯಾಂಕಿನ ಲೆವೆಲ್ ಮೀಟರ್ ಸಿಕ್ಕಿಕೊಂಡಿತ್ತು, ಪರದೆಯಲ್ಲಿ ಮಟ್ಟ ಏರಲೇ ಇಲ್ಲ. ಮೇಲೆ ಪ್ರತ್ಯೇಕ ಸ್ವಿಚ್ ಇತ್ತು. ಅದರಲ್ಲಿ ಪರೀಕ್ಷೆಗೆಂದು ಒಂದು ಹಿಡಿ ಇತ್ತು. ಆ ಹಿಡಿ ಸರಿಯಾದ ಸ್ಥಾನದಲ್ಲಿ ನಿಲ್ಲಲು ಅದಕ್ಕೊಂದು ಬೀಗ ಬೇಕಿತ್ತು. ಆ ಬೀಗ ಯಾಕೆ ಅಂತ ಅಲ್ಲಿದ್ದವರಿಗೆ ಗೊತ್ತಿರಲಿಲ್ಲ, ಹಾಕಿರಲೂ ಇಲ್ಲ. ಸ್ವಿಚ್ ಕೆಲಸ ಮಾಡಲಿಲ್ಲ. 2.5 ಲಕ್ಷ ಲೀಟರ್‌ಗಿಂತ ಜಾಸ್ತಿ ಪೆಟ್ರೋಲ್ ಹೊರಗೆ ಸುರಿಯಿತು. ಭಾನುವಾರದ ಬೆಳಗಾದ್ದರಿಂದ ಯಾರೂ ಸಾಯಲಿಲ್ಲ, 43 ಜನರಿಗೆ ಗಾಯವಾಯಿತು.

ಹಾಗಾಗಿ ಶೀಟಿನಲ್ಲಿ “ಟ್ರಿಪ್ ಸ್ವಿಚ್ ಇದೆ” ಅಂತ ಬರೆದು ಬಿಡಬೇಡಿ. ಕೊನೆಯ ಪರೀಕ್ಷೆ ಯಾವ ದಿನ, ಯಾರು ಮಾಡಿದರು, ಸ್ವಿಚ್ಚಿನಿಂದ ಪಂಪ್ ನಿಲ್ಲುವವರೆಗೆ ಪೂರ್ತಿ ಪರೀಕ್ಷೆ ಆಯಿತಾ, ಇಲ್ಲ ಕಂಟ್ರೋಲ್ ರೂಮಿನಲ್ಲಿ ದೀಪ ಹತ್ತಿದ್ದು ನೋಡಿ ಟಿಕ್ ಹಾಕಿದರಾ, ಇಷ್ಟನ್ನೂ ಬರೆಯಿರಿ. ಪರೀಕ್ಷೆ ಮುಗಿದ ಮೇಲೆ ಎಲ್ಲವನ್ನೂ ಮೊದಲಿನ ಸ್ಥಿತಿಗೆ ತಂದರಾ ಅನ್ನುವುದಕ್ಕೂ ಒಂದು ಸಾಲು ಇರಲಿ.

ಹಂತ 5: ಒಂದಿಷ್ಟು ಲೆಕ್ಕ

ಬಣ್ಣದ ಚೌಕಗಳ ರಿಸ್ಕ್ ಮ್ಯಾಟ್ರಿಕ್ಸ್, ಅಂದರೆ ಎಷ್ಟು ಸಲ, ಎಷ್ಟು ದೊಡ್ಡದು ಅನ್ನುವ ಅಂಕಿ ಹಾಕಿ ರಿಸ್ಕನ್ನು ಕೆಂಪು, ಹಳದಿ, ಹಸಿರು ಅಂತ ಗುರುತಿಸುವ ಕೋಷ್ಟಕ, ಮೊದಲ ಸೋಸುವಿಕೆಗೆ ಸಾಕು. ದೊಡ್ಡ ಅವಘಡಗಳಿಗೆ ಸಾಲದು. ಹಳದಿ ಬರಬೇಕು ಅಂತ ಮನಸ್ಸು ಮಾಡಿದವರು ಹಳದಿ ಬರುವ ಅಂಕಿಯನ್ನೇ ಹಾಕುತ್ತಾರೆ, ಅಲ್ವಾ? ಅಲ್ಲಿ ಲೋಪಾ ಬೇಕು. ಲೋಪಾ ಅಂದರೆ ರಕ್ಷಣೆಯ ಪದರಗಳನ್ನು ಒಂದೊಂದಾಗಿ ಎಣಿಸಿ ಲೆಕ್ಕ ಹಾಕುವ ಪದ್ಧತಿ.

ಲೆವೆಲ್ ಮೀಟರ್ ಸಿಕ್ಕಿಕೊಂಡು ಟ್ಯಾಂಕ್ ತುಳುಕುವ ಹಂತಕ್ಕೆ ಬರುವುದು 10 ವರ್ಷಕ್ಕೊಮ್ಮೆ ಅಂದುಕೊಳ್ಳಿ. ಟ್ರಿಪ್ ಸ್ವಿಚ್ಚೂ ಸರಾಸರಿ 10 ವರ್ಷಕ್ಕೊಮ್ಮೆ ಕೆಡುತ್ತದೆ, ಆದರೆ ಸದ್ದಿಲ್ಲದೆ. ಪರೀಕ್ಷೆ ಮಾಡುವವರೆಗೂ ಕೆಟ್ಟಿದೆ ಅಂತ ಗೊತ್ತಾಗುವುದಿಲ್ಲ. ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿದರೆ, ಕೆಟ್ಟ ಸ್ವಿಚ್ ಸರಾಸರಿ ಆರು ತಿಂಗಳು ಹಾಗೇ ಕೂತಿರುತ್ತದೆ. ಅಂದರೆ ಯಾವುದೋ ಒಂದು ಹೊತ್ತಿನಲ್ಲಿ ಅದು ಕೈಕೊಡುವ ಸಾಧ್ಯತೆ ಸುಮಾರು 20ರಲ್ಲಿ 1. ಟ್ಯಾಂಕ್ ತುಳುಕುವುದು 200 ವರ್ಷಕ್ಕೊಮ್ಮೆ ಅಂತಾಯಿತು.

ಬಜೆಟ್ ಇಲ್ಲ, ಶಟ್‌ಡೌನ್ ಮುಂದೆ ಹೋಯಿತು ಅಂತ ಪರೀಕ್ಷೆ ನಾಲ್ಕು ವರ್ಷಕ್ಕೊಮ್ಮೆ ಆದರೆ? ಅದೇ ಸ್ವಿಚ್ಚು, ಅದೇ ಟ್ಯಾಂಕು. ಕೈಕೊಡುವ ಸಾಧ್ಯತೆ ಈಗ ಸುಮಾರು 5ರಲ್ಲಿ 1. ತುಳುಕುವುದು 50 ವರ್ಷಕ್ಕೊಮ್ಮೆ. ಯಾರೂ ಒಂದು ಬೋಲ್ಟನ್ನೂ ಮುಟ್ಟಲಿಲ್ಲ, ರಿಸ್ಕ್ ಮಾತ್ರ ನಾಲ್ಕು ಪಟ್ಟಾಯಿತು. ಪರೀಕ್ಷೆಯ ತಾರೀಕು ಮುಂದೂಡುವ ಕಾಗದಕ್ಕೆ ಸಹಿ ಹಾಕುವವರಿಗೆ ಈ ಲೆಕ್ಕ ತೋರಿಸಿ.

ಸಂಸ್ಥೆ ತನಗೊಂದು ಗುರಿ ಇಟ್ಟುಕೊಂಡಿರಬೇಕು. ಹಲವರು ಸಾಯಬಹುದಾದ ಅವಘಡಕ್ಕೆ ಒಂದು ಲಕ್ಷ ವರ್ಷಕ್ಕೊಮ್ಮೆ ಅನ್ನುವ ಮಟ್ಟದ ಗುರಿ ಇಟ್ಟರೆ, 200ರಿಂದ ಅಲ್ಲಿಗೆ 500 ಪಟ್ಟು ಅಂತರ. ಕಿಡಿ ಸಿಗದೇ ಹೋಗುವ ಸಾಧ್ಯತೆ, ಹತ್ತಿರ ಜನ ಇಲ್ಲದಿರುವ ಸಾಧ್ಯತೆ ಸೇರಿಸಿದರೂ ಒಂದು ಪದರ ಸಾಲುವುದಿಲ್ಲ ಅಂತ ಕಣ್ಣಿಗೆ ಕಾಣುತ್ತದೆ. ಅಂಕಿಗಳು ತೀರಾ ನಿಖರ ಅಂತ ನಂಬಬೇಡಿ. ಹತ್ತೋ ನೂರೋ ಅನ್ನುವಷ್ಟು ತಿಳಿದರೆ ಈ ಲೆಕ್ಕದ ಕೆಲಸ ಆಯಿತು. 10 ವರ್ಷದ ಜಾಗದಲ್ಲಿ ನಿಮ್ಮದೇ ಮೆಂಟೇನೆನ್ಸ್ ದಾಖಲೆಯ ಅಂಕಿ ಸಿಕ್ಕರೆ ಪುಸ್ತಕದ ಅಂಕಿಗಿಂತ ಅದೇ ಮೇಲು.

ಹಂತ 6: ಒಂದೇ ಏಟಿಗೆ ಎಲ್ಲ ಹೋಗುವುದು ಎಲ್ಲಿ ಅಂತ ಹುಡುಕಿ

ದೊಡ್ಡ ಪ್ಲಾಂಟುಗಳ ತೊಡಕು ಇಲ್ಲಿದೆ. ಮೇಲಿನ ಲೆಕ್ಕದಲ್ಲಿ ಗುಣಿಸಿದ್ದು, ಪದರಗಳಿಗೆ ಒಂದಕ್ಕೊಂದು ಸಂಬಂಧ ಇಲ್ಲ ಅಂದುಕೊಂಡು. ನಿಜದಲ್ಲಿ ಸಂಬಂಧ ಇರುತ್ತದೆ, ಬಚ್ಚಿಟ್ಟುಕೊಂಡಿರುತ್ತದೆ. ಎರಡು ಮೀಟರಿಗೂ ಒಂದೇ ಕೇಬಲ್ ಟ್ರೇ, ಒಂದೇ ವಿದ್ಯುತ್ ಸಾಲು, ಒಂದೇ ಗಾಳಿಯ ಪೂರೈಕೆ, ಒಂದೇ ದಿನ ಎರಡನ್ನೂ ಕ್ಯಾಲಿಬ್ರೇಟ್ ಮಾಡಿದ, ಅಂದರೆ ಅಳತೆ ಸರಿಹೊಂದಿಸಿದ, ಒಬ್ಬನೇ ತಂತ್ರಜ್ಞ. 2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾ ಅಣು ವಿದ್ಯುತ್ ಸ್ಥಾವರದಲ್ಲಿ ತುರ್ತು ಡೀಸೆಲ್ ಜನರೇಟರುಗಳು ಒಂದಲ್ಲ, ಹಲವು ಇದ್ದವು. ಹೆಚ್ಚಿನವು ಕೆಳ ಅಂತಸ್ತಿನಲ್ಲಿದ್ದವು. ಸುನಾಮಿಯ ನೀರು ಒಳಗೆ ಬಂದಾಗ ಎಷ್ಟಿವೆ ಅನ್ನುವ ಲೆಕ್ಕ ಉಪಯೋಗಕ್ಕೆ ಬರಲಿಲ್ಲ.

ಮಾಡಬೇಕಾದದ್ದು ಸರಳ. ಒಂದು ಹಾಳೆಯಲ್ಲಿ ರಕ್ಷಣೆಗಳನ್ನು ಅಡ್ಡಕ್ಕೆ ಬರೆಯಿರಿ. ಉದ್ದಕ್ಕೆ ವಿದ್ಯುತ್, ಗಾಳಿ, ತಂಪು ನೀರು, ನೆಟ್‌ವರ್ಕ್, ಇರುವ ಜಾಗ, ನೋಡಿಕೊಳ್ಳುವ ವ್ಯಕ್ತಿ ಅಂತ ಬರೆಯಿರಿ. ಯಾವ ರಕ್ಷಣೆ ಯಾವುದನ್ನು ನಂಬಿ ನಿಂತಿದೆಯೋ ಅಲ್ಲಿ ಟಿಕ್ ಹಾಕಿ. ಯಾವ ಸಾಲಿನಲ್ಲಿ ಟಿಕ್ ಒಂದಕ್ಕಿಂತ ಜಾಸ್ತಿ ಬಂತೋ ಅಲ್ಲಿ ಕೂತು ಮಾತಾಡಿ.

ಆಪರೇಟರನ್ನೂ ಈ ಹಾಳೆಗೆ ಸೇರಿಸಿ. 1994ರ ಜುಲೈ 24ರಂದು ವೇಲ್ಸ್‌ನ ಮಿಲ್ಫರ್ಡ್ ಹೇವನ್ ರಿಫೈನರಿಯಲ್ಲಿ ಸ್ಫೋಟಕ್ಕೆ ಮೊದಲಿನ ಸುಮಾರು 11 ನಿಮಿಷದಲ್ಲಿ ಇಬ್ಬರು ಆಪರೇಟರುಗಳ ಮುಂದೆ 275 ಅಲಾರಂ ಬಂದವು. ಎರಡೂವರೆ ಸೆಕೆಂಡಿಗೊಂದು. ನಿಮ್ಮ ಶೀಟಿನ ಹತ್ತು ಸಾಲಿನಲ್ಲಿ “ಅಲಾರಂ ಬಂದಾಗ ಆಪರೇಟರ್ ಕ್ರಮ ಕೈಗೊಳ್ಳುತ್ತಾರೆ” ಅಂತ ಇದ್ದು, ಆ ಹತ್ತೂ ಒಂದೇ ನಿಮಿಷದಲ್ಲಿ ಬರುವಂತಿದ್ದರೆ ನಿಮ್ಮ ಹತ್ತಿರ ಹತ್ತು ರಕ್ಷಣೆ ಇಲ್ಲ. ಸಾಮಾನ್ಯ ಹೊತ್ತಿನಲ್ಲಿ ಒಬ್ಬರಿಗೆ ಹತ್ತು ನಿಮಿಷಕ್ಕೆ ಒಂದು ಅಲಾರಂ ಅನ್ನುವುದು ಈ ಕ್ಷೇತ್ರದಲ್ಲಿ ಒಪ್ಪಿಕೊಂಡ ಅಳತೆ. ಒಂದು ಪಾಳಿಯ ಲಾಗ್ ತೆಗೆದು ಎಣಿಸಿ ನೋಡಿ.

ಹಂತ 7: “ತಾತ್ಕಾಲಿಕ” ಅನ್ನುವ ಮಾತು ಕಿವಿಗೆ ಬಿದ್ದರೆ ನಿಲ್ಲಿ

ಬದಲಾವಣೆ ಆದರೆ ಹಳೆಯ ಹ್ಯಾಜಾಪ್ ಆ ಭಾಗಕ್ಕೆ ಅಲ್ಲಿಗೆ ಮುಗಿಯಿತು. 1974ರಲ್ಲಿ ಇಂಗ್ಲೆಂಡಿನ ಫ್ಲಿಕ್ಸ್‌ಬರೋದ ರಾಸಾಯನಿಕ ಕಾರ್ಖಾನೆಯಲ್ಲಿ ಸಾಲಾಗಿದ್ದ ಆರು ರಿಯಾಕ್ಟರುಗಳಲ್ಲಿ ಐದನೆಯದು ಬಿರುಕು ಬಿಟ್ಟಿತು. ಅದನ್ನು ತೆಗೆದು ನಾಲ್ಕಕ್ಕೂ ಆರಕ್ಕೂ ನಡುವೆ 20 ಇಂಚಿನ ತಾತ್ಕಾಲಿಕ ಪೈಪು ಹಾಕಿದರು. ಅದರ ನಕ್ಷೆ ಇದ್ದದ್ದು ವರ್ಕ್‌ಶಾಪಿನ ನೆಲದ ಮೇಲೆ, ಸೀಮೆಸುಣ್ಣದಲ್ಲಿ. ಬಾಗಿದ ಪೈಪಿನ ಮೇಲೆ ಒತ್ತಡ ಎಷ್ಟು ಬೀಳುತ್ತದೆ ಅಂತ ಯಾರೂ ಲೆಕ್ಕ ಹಾಕಲಿಲ್ಲ. ಎರಡು ತಿಂಗಳು ಓಡಿತು. ಜೂನ್ 1ರಂದು ಕಿತ್ತುಕೊಂಡು ಸ್ಫೋಟವಾಯಿತು, 28 ಜನ ಸತ್ತರು.

ಬದಲಾವಣೆ ಅಂದರೆ ಪೈಪು ಮಾತ್ರ ಅಂದುಕೊಳ್ಳಬೇಡಿ. ಅಲಾರಂ ಅಂಕಿ ಬದಲಿಸಿದ್ದು, ಗ್ಯಾಸ್ಕೆಟ್ ಬೇರೆ ಜಾತಿಯದು ಹಾಕಿದ್ದು, ಪಾಳಿಯಲ್ಲಿ ಒಬ್ಬರನ್ನು ಕಡಿಮೆ ಮಾಡಿದ್ದು, ಕಂಟ್ರೋಲ್ ಸಾಫ್ಟ್‌ವೇರ್ ಹೊಸದು ಹಾಕಿದ್ದು, ಎಲ್ಲ ಬದಲಾವಣೆಯೇ. ತಾತ್ಕಾಲಿಕ ಬದಲಾವಣೆಗೆ ಮುಗಿಯುವ ತಾರೀಕು ಬರೆಯದೆ ಸಹಿ ಹಾಕಬೇಡಿ.

ಹಂತ 8: ಪರ್ಮಿಟ್ ಮತ್ತು ಪಾಳಿ ಬದಲಾವಣೆ

ಪರ್ಮಿಟ್ ಅಂದರೆ ಒಂದು ಯಂತ್ರದ ಮೇಲೆ ರಿಪೇರಿಯಂಥ ಕೆಲಸ ಮಾಡಲು ಕೊಡುವ ಲಿಖಿತ ಅನುಮತಿ. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ 167 ಜನ ಸತ್ತರು. ಹಗಲು ಪಾಳಿಯವರು ಒಂದು ಪಂಪಿನ ರಿಲೀಫ್ ವಾಲ್ವನ್ನು ರಿಪೇರಿಗೆಂದು ತೆಗೆದಿದ್ದರು. ಆ ವಿಷಯ ರಾತ್ರಿ ಪಾಳಿಗೆ ಮುಟ್ಟಲಿಲ್ಲ. ಓಡುತ್ತಿದ್ದ ಇನ್ನೊಂದು ಪಂಪ್ ನಿಂತಾಗ ವಾಲ್ವ್ ಇಲ್ಲದ ಈ ಪಂಪನ್ನೇ ಶುರು ಮಾಡಿದರು, ಅಲ್ಲಿಂದ ಸೋರಿ ಬೆಂಕಿ ಹೊತ್ತಿಕೊಂಡಿತು. ಬೆಂಕಿ ಆರಿಸುವ ಪಂಪುಗಳನ್ನು ಕೈಯಿಂದ ಶುರು ಮಾಡುವ ಸ್ಥಿತಿಯಲ್ಲಿ ಇಟ್ಟಿದ್ದರು, ನೀರಲ್ಲಿ ಮುಳುಗುಗಾರರು ಕೆಲಸ ಮಾಡುವಾಗ ಅಪಾಯ ಆಗಬಾರದು ಅಂತ. ಆ ಹೊತ್ತಿನಲ್ಲಿ ಅವುಗಳ ಹತ್ತಿರ ಹೋಗಲಾಗಲಿಲ್ಲ.

ಪಾಳಿ ಬದಲಾಗುವಾಗ ಮುಖಾಮುಖಿ ಮಾತಾಡಲೇಬೇಕು. ಬರೆದಿಟ್ಟು ಹೋಗುವುದು ಸಾಲದು. ಮೂರು ವಿಷಯ: ಯಾವ ಪರ್ಮಿಟ್ ಇನ್ನೂ ತೆರೆದಿದೆ, ಯಾವ ಟ್ರಿಪ್ ಬೈಪಾಸ್‌ನಲ್ಲಿದೆ (ಅಂದರೆ ಕೆಲಸ ಮಾಡದಂತೆ ತಪ್ಪಿಸಿಟ್ಟಿದೆ), ಯಾವ ಯಂತ್ರ ನೋಡಲು ಪೂರ್ತಿ ಇದ್ದರೂ ಒಳಗೆ ಬಿಚ್ಚಿದೆ. ಒಂದೇ ಯಂತ್ರದ ಮೇಲೆ ಎರಡು ಪರ್ಮಿಟ್ ಇದ್ದರೆ ಅವೆರಡನ್ನೂ ಒಂದೇ ಕ್ಲಿಪ್ಪಿನಲ್ಲಿ ಇಡಿ.

ಹಂತ 9: ಪ್ರತಿ ವಾರ ಏನು ಎಣಿಸಬೇಕು

“ಇಷ್ಟು ದಿನ ಅಪಘಾತ ಇಲ್ಲ” ಅನ್ನುವ ಬೋರ್ಡು ಕೈಕಾಲಿನ ಗಾಯದ ಲೆಕ್ಕ ಹೇಳುತ್ತದೆ, ಸ್ಫೋಟದ ರಿಸ್ಕ್ ಹೇಳುವುದಿಲ್ಲ. ಅಮೆರಿಕದ ಟೆಕ್ಸಾಸ್ ಸಿಟಿ ರಿಫೈನರಿಯಲ್ಲಿ ಗಾಯಗಳ ಅಂಕಿ ಇಳಿಯುತ್ತಾ ಬಂದಿತ್ತು. 2005ರ ಮಾರ್ಚ್ 23ರಂದು ಸ್ಟಾರ್ಟ್‌ಅಪ್ ವೇಳೆ ಒಂದು ಗೋಪುರ ಮಿತಿ ಮೀರಿ ತುಂಬಿ ಉಕ್ಕಿ 15 ಜನ ಸತ್ತರು. ಅಲ್ಲೂ ಲೆವೆಲ್ ಮೀಟರ್ ತಪ್ಪು ತೋರಿಸುತ್ತಿತ್ತು, ಅಲ್ಲೂ ಪ್ರತ್ಯೇಕವಾಗಿದ್ದ ಎರಡನೆಯ ಹೈ ಲೆವೆಲ್ ಅಲಾರಂ ಹೊಡೆಯಲಿಲ್ಲ.

ನೀವು ಎಣಿಸಿ: ತಾರೀಕು ಮೀರಿದ ಟ್ರಿಪ್ ಪರೀಕ್ಷೆಗಳು ಎಷ್ಟು, ಪರೀಕ್ಷೆಯಲ್ಲಿ ಕೆಟ್ಟಿದೆ ಅಂತ ಸಿಕ್ಕಿದವು ಎಷ್ಟು, ಅವಧಿ ಮುಗಿದರೂ ಉಳಿದಿರುವ ತಾತ್ಕಾಲಿಕ ಬದಲಾವಣೆಗಳು ಎಷ್ಟು, ಹ್ಯಾಜಾಪ್‌ನಲ್ಲಿ ಮಾಡುತ್ತೇವೆ ಅಂದು ಮಾಡದೆ ಬಿಟ್ಟವು ಎಷ್ಟು. ಎರಡನೆಯ ಅಂಕಿ ಸದಾ ಸೊನ್ನೆ ಬರುತ್ತಿದ್ದರೆ ಖುಷಿಪಡುವ ಮೊದಲು ಪರೀಕ್ಷೆ ನಿಜವಾಗಿ ಆಗುತ್ತಿದೆಯಾ ಅಂತ ಒಂದು ದಿನ ಹೋಗಿ ಪಕ್ಕದಲ್ಲಿ ನಿಲ್ಲಿ.

ಇಷ್ಟೆಲ್ಲ ಒಟ್ಟಿಗೆ ಶುರು ಮಾಡಲು ಆಗದಿದ್ದರೆ ಮೊದಲು ಬೈಪಾಸ್ ರಿಜಿಸ್ಟರ್ ತರಿಸಿ. ಸದ್ಯ ಯಾವ ಯಾವ ಟ್ರಿಪ್, ಇಂಟರ್‌ಲಾಕ್‌ಗಳನ್ನು (ಸ್ಥಿತಿ ಸರಿಯಿಲ್ಲದಾಗ ಯಂತ್ರ ಓಡದಂತೆ ತಡೆಯುವ ವ್ಯವಸ್ಥೆಗಳನ್ನು) ನಿಷ್ಕ್ರಿಯ ಮಾಡಿಟ್ಟಿದ್ದಾರೆ ಅನ್ನುವ ಪಟ್ಟಿ ಅದು. ಎಲ್ಲಕ್ಕಿಂತ ಹಳೆಯ ಸಾಲು ಹುಡುಕಿ, ಆ ಉಪಕರಣದ ಹತ್ತಿರ ಹೋಗಿ, ಅಲ್ಲಿರುವ ಆಪರೇಟರ್ ಹತ್ತಿರ ಇದು ಯಾಕೆ ಹೀಗಿದೆ ಅಂತ ಕೇಳಿ. ರಿಜಿಸ್ಟರೇ ಇಲ್ಲ ಅಂದರೆ ಇವತ್ತೇ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಶುರು ಮಾಡಿ.